ಕೊನೆಯ ರೈಡಿನ ನ್ಯಾಯ

ಟಿವಿಗೆ ಬಂದ ಮೇಲೆಯೇ ಕಬಡ್ಡಿಗೆ ನ್ಯಾಯ ಬಂತು, ಅದಕ್ಕೆ ಮೊದಲು ಹಿಂದೂಪುರ, ಕಲ್ಯಾಣದುರ್ಗದಂಥ ಕಡೆ ನಡೆದದ್ದೆಲ್ಲ ಊರಿನವರ ಜೋರು ಎಂಬ ಮಾತು ಈಗ ಚಾಲ್ತಿಯಲ್ಲಿದೆ. ನಿಯಮಗಳು ನಡೆದುಬಂದ ದಾರಿ ಬೇರೆಯದನ್ನೇ ಹೇಳುತ್ತದೆ.

ಆರಂಭದ ಕಥೆ ಚಿಕ್ಕದು. 1923ರಲ್ಲಿ ಬರೋಡಾದಲ್ಲಿ ನಿಯಮಗಳು ಅಚ್ಚಾದವು, 1950ರಲ್ಲಿ ಅಖಿಲ ಭಾರತ ಫೆಡರೇಷನ್ ಹುಟ್ಟಿತು, 1990ರಲ್ಲಿ ಆಟ ಬೀಜಿಂಗ್ ಏಷ್ಯನ್ ಗೇಮ್ಸ್ ಸೇರಿತು. ಅಂಕ ಸಮವಾದರೆ ಏನು ಮಾಡಬೇಕೆಂಬುದಕ್ಕೆ ಮಾತ್ರ ಬಹುಕಾಲ ಸರಿಯಾದ ಉತ್ತರವಿರಲಿಲ್ಲ. ನಾಕೌಟ್ ಪಂದ್ಯಕ್ಕೆ ಐದೈದು ನಿಮಿಷ ಹೆಚ್ಚುವರಿ ಆಟ. ಆಮೇಲೂ ಸಮವಾದರೆ ಮೊದಲ ಅಂಕ ಗಳಿಸಿದ ತಂಡವೇ ಗೆದ್ದಂತೆ. 50 ನಿಮಿಷ ಬೆವರು ಹರಿಸಿದವರ ಹಣೆಬರಹ ಮೊದಲ ನಿಮಿಷದಲ್ಲೇ ಬರೆದಾಗಿರುತ್ತಿತ್ತು.

ನಮ್ಮ ತಲೆಮಾರಿನ ಅಂಪೈರ್‌ಗಳು ಕಲಿತದ್ದು ಮಣ್ಣಿನ ಅಂಕಣದಲ್ಲಿ, ಪಿ.ಟಿ. ಮೇಷ್ಟ್ರುಗಳ ಕೈಕೆಳಗೆ. ಹೊತ್ತು ಮುಗಿದರೂ ಶುರುವಾದ ರೈಡ್ ಮುಗಿಯಲೇಬೇಕೆಂಬುದು ನಿಯಮ. ಜನಕ್ಕೆ ಅದು ಗೊತ್ತಿರದು. ಸೀಟಿ ಕೇಳಿದ್ದೇ ಅಂಕಣಕ್ಕೆ ನುಗ್ಗುತ್ತಿದ್ದರು. ಆ ಗದ್ದಲದಲ್ಲಿ ರೈಡರ್ ಬೋರಲು ಬಿದ್ದಿರುತ್ತಾನೆ, ಹರಡನ್ನು ಇಬ್ಬರು ಹಿಡಿದಿರುತ್ತಾರೆ, ಬೆರಳು ಮಧ್ಯರೇಖೆಗೆ ತಡಕಾಡುತ್ತಿರುತ್ತದೆ. ಅಂಪೈರ್ ಬಗ್ಗಿ, ಬೆರಳು ಗೆರೆ ಮುಟ್ಟಿತೇ ಎಂದು ಕಣ್ಣಿನಲ್ಲೂ, ಉಸಿರು ಕಡಿಯಿತೇ ಎಂದು ಕಿವಿಯಲ್ಲೂ ಒಟ್ಟಿಗೇ ಹಿಡಿಯಬೇಕು. ಅಷ್ಟರಲ್ಲಿ ಸುಣ್ಣದ ಗೆರೆ ಕಾಲ್ತುಳಿತಕ್ಕೆ ಅರ್ಧ ಅಳಿಸಿರುತ್ತಿತ್ತು. ವಿರಾಮದಲ್ಲಿ ಮಧ್ಯರೇಖೆಗೆ ಮತ್ತೆ ಸುಣ್ಣ ಹಾಕಿಸಿದವನೇ ಒಳ್ಳೆಯ ಅಂಪೈರ್. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿದ್ದು ಕಾಣೆ.

ಆಮೇಲೆ ಸುಧಾರಣೆ ಬಂತು. ಸಮವಾದರೆ ಎರಡೂ ತಂಡಕ್ಕೆ ಐದೈದು ರೈಡ್. ಈ ಆಟ ಕಂಡ ಅತ್ಯಂತ ನ್ಯಾಯದ ನಿಯಮ ಇದೇ. ಆಗಲೂ ಸಮವಾದರೆ ಆಡಿಸಲೆಂದು ಅದರ ಬೆನ್ನಿಗೇ ಬಂದ ಗೋಲ್ಡನ್ ರೈಡ್‌ನಲ್ಲಿ ಮೊದಲು ಯಾರ ಸರದಿ ಎಂಬುದನ್ನು ಟಾಸ್ ಹೇಳುತ್ತದೆ. ಕೊಟ್ಟ ನ್ಯಾಯವನ್ನು ನಾಣ್ಯಕ್ಕೆ ಒಪ್ಪಿಸಿದಂತಾಯಿತು. 2014ರಲ್ಲಿ ಪ್ರೊ ಕಬಡ್ಡಿ ಶುರುವಾಗಿ ಮ್ಯಾಟು, ಕ್ಯಾಮೆರಾ, ಮರುಪರಿಶೀಲನೆ ಮನೆಮಾತಾದವು.

ಅವೆಲ್ಲ ಇದ್ದೂ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಆದದ್ದೇನು? 2023ರ ಅಕ್ಟೋಬರ್ 7, ಭಾರತ–ಇರಾನ್ ಫೈನಲ್, 28–28, ಉಳಿದದ್ದು ಒಂದು ನಿಮಿಷದಷ್ಟು. ಭಾರತದ ರೈಡರ್ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಅಂಕಣದ ಅಂಚಿನ ಪಟ್ಟಿಗೆ, ಕಾಲಿಟ್ಟರು. ಹಿಂದೆಯೇ ಇರಾನಿನ ರಕ್ಷಕರೂ ಬಂದರು. ಹಳೆಯ ನಿಯಮದಂತೆ ಲಾಬಿಗೆ ಬಂದವರೆಲ್ಲ ಔಟ್, ಹೊಸದರಂತೆ ರೈಡರ್ ಮಾತ್ರ. ತೀರ್ಪು ಹೊಯ್ದಾಡಿತು, ಆಟ ಸುಮಾರು ಒಂದು ಗಂಟೆ ನಿಂತಿತು, ಕೊನೆಗೆ ಭಾರತ 33–29ರಿಂದ ಗೆದ್ದಿತು. ಲಾಬಿಗೆ ಯಾರು ಬಂದರೆಂಬುದು ಎಲ್ಲರಿಗೂ ಕಂಡಿತ್ತು. ಯಾವ ನಿಯಮ ಜಾರಿಯಲ್ಲಿದೆ ಎಂಬುದೇ ಇತ್ಯರ್ಥವಾಗಿರಲಿಲ್ಲ.

ಆಂಧ್ರ–ಕರ್ನಾಟಕ ಗಡಿಯ ನಮ್ಮ ಊರುಗಳ ಪಾಡೂ ಅದೇ. ಗೌರಿಬಿದನೂರಿನಿಂದ, ಪಾವಗಡದಿಂದ, ಮಡಕಶಿರಾದಿಂದ ಬರುವ ಹುಡುಗರಲ್ಲಿ ಒಬ್ಬ ಟಿವಿ ನೋಡಿ ಕಲಿತವನು, ಇನ್ನೊಬ್ಬ ಮೇಷ್ಟ್ರಿಂದ ಕಲಿತವನು. ಪಂದ್ಯಾವಳಿಯ ಕರಪತ್ರದಲ್ಲಿ ಬಹುಮಾನದ ಮೊತ್ತ, ಪ್ರವೇಶ ಶುಲ್ಕ, ದಾನಿಗಳ ಫೋಟೊ ಎಲ್ಲಕ್ಕೂ ಜಾಗವಿದೆ. ಲಾಬಿಗೆ ಯಾವ ನಿಯಮ, ಸಮವಾದರೆ ಏನು ಎಂಬ ಎರಡು ಸಾಲಿಗೆ ಜಾಗವಿಲ್ಲ. ಕ್ಯಾಮೆರಾಕ್ಕೆ ಚಂದಾ ಎತ್ತುವ ಮೊದಲು ಸಂಘಟಕರು ಆ ಎರಡು ಸಾಲನ್ನು ತೆಲುಗಿನಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸಲಿ. ಇಬ್ಬರು ನಾಯಕರಿಂದ ಅದರ ಕೆಳಗೆ ಸಹಿಯನ್ನೂ ಪಡೆಯಲಿ.