ಗಗನಯಾನದ ಕಟ್ಟುಗುತ್ತಿಗೆ

2011ನೆಯ ಇಸವಿ ಜುಲೈ ತಿಂಗಳಲ್ಲಿ ಅಟ್ಲಾಂಟಿಸ್ ಎಂಬ ಗಗನನೌಕೆಯು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಬಿಟ್ಟು ಹೊರಡುವಾಗ, ಅದರ ನಾಲ್ವರು ಯಾತ್ರಿಕರು ಅಲ್ಲಿ ಒಂದು ಚಿಕ್ಕ ಧ್ವಜವನ್ನು ಇರಿಸಿಬಂದರು. ಅದು 1981ರಲ್ಲಿ ಆ ಜಾತಿಯ ನೌಕೆಗಳ ಪ್ರಥಮ ಯಾತ್ರೆಯಲ್ಲಿ ಹಾರಿದ್ದ ಅಮೇರಿಕೆಯ ಧ್ವಜ. ಇನ್ನು ಮುಂದೆ ಅಮೇರಿಕೆಯ ನೆಲದಿಂದ ಮೊದಲು ಯಾರು ಹಾರಿಬರುವರೋ ಅವರೇ ಅದನ್ನು ಹಿಂದಕ್ಕೆ ತರತಕ್ಕದ್ದೆಂದು ನಿಶ್ಚಯವಾಯಿತು. ಅವರು ಬರುವುದಕ್ಕೆ ಒಂಬತ್ತು ವರ್ಷಗಳು ಹಿಡಿದುವು.

2003ರಲ್ಲಿ ಕೊಲಂಬಿಯಾ ನೌಕೆಯು ಒಡೆದು, ಕಲ್ಪನಾ ಚಾವ್ಲಾರೂ ಸೇರಿ ಏಳು ಮಂದಿ ಮಡಿದ ಮೇಲೆ, ಆ ನೌಕೆಗಳನ್ನು ನಿವೃತ್ತಿಗೊಳಿಸುವ ನಿರ್ಧಾರವಾಗಿದ್ದಿತು. 2011ರ ಅನಂತರ ಚಂದ್ರನ ಮೇಲೆ ಕಾಲಿಟ್ಟ ರಾಷ್ಟ್ರವು ತನ್ನ ಯಾತ್ರಿಕರಿಗಾಗಿ ರಷ್ಯದ ಸೊಯುಜ್ ನೌಕೆಯಲ್ಲಿ ಆಸನಗಳನ್ನು ಕೊಳ್ಳಬೇಕಾಯಿತು. ಒಂದು ಆಸನದ ಬೆಲೆ ಏರುತ್ತ ಏರುತ್ತ ಎಂಟು ಕೋಟಿ ಡಾಲರುಗಳನ್ನು ಮೀರಿತು.

ಈ ಪರಾವಲಂಬನೆಯನ್ನು ನೀಗಲು ನಾಸಾ ಸಂಸ್ಥೆಯು ಹಿಡಿದ ಮಾರ್ಗವು ಹೊಸತು. ಹಿಂದೆ ಸರ್ಕಾರವೇ ನೌಕೆಯ ಒಡೆಯನಾಗಿ, ಕಟ್ಟಿದವರಿಗೆ ತಗಲಿದ ವೆಚ್ಚವನ್ನೂ ಅದರ ಮೇಲೆ ಲಾಭವನ್ನೂ ಕೊಡುತ್ತಿದ್ದಿತು. ಈಗಲಾದರೋ ನೌಕೆಯು ಕಂಪೆನಿಯ ಸ್ವತ್ತು. ಸರ್ಕಾರವು ಪ್ರಯಾಣವನ್ನು ಮಾತ್ರ ಕೊಳ್ಳುವುದು. ನಮ್ಮ ಹಿಂದಿನವರು ಕಟ್ಟುಗುತ್ತಿಗೆಯೆಂದ ಕ್ರಮವೇ ಇದು: ಹಣವು ಮೊದಲೇ ಗೊತ್ತು, ನಷ್ಟವಾದರೆ ಗುತ್ತಿಗೆದಾರನ ಪಾಲು. 2010ರಲ್ಲಿ ಐದು ಕಂಪೆನಿಗಳಿಗೆ ಒಟ್ಟು ಐದು ಕೋಟಿ ಡಾಲರುಗಳನ್ನು ಹಂಚುವುದರಿಂದ ಸ್ಪರ್ಧೆಯು ಮೊದಲಾಯಿತು. ಇಬ್ಬರಿಗೆ ಹಣವನ್ನು ಹಂಚುವುದು ದುಂದುವೆಚ್ಚವೆಂದೂ ಒಬ್ಬರನ್ನೇ ಆರಿಸಬೇಕೆಂದೂ ಶಾಸನಸಭೆಯಲ್ಲಿ ಕೆಲವರು ವಾದಿಸಿದರು. ಆದರೂ 2014ರ ಸೆಪ್ಟೆಂಬರ್ 16ರಂದು ಬೋಯಿಂಗ್ ಕಂಪೆನಿಗೆ 420 ಕೋಟಿ, ಸ್ಪೇಸ್‌ಎಕ್ಸ್ ಕಂಪೆನಿಗೆ 260 ಕೋಟಿ ಡಾಲರುಗಳ ವರೆಗಿನ ಕರಾರುಗಳಾದುವು. ರೆಕ್ಕೆಯುಳ್ಳ ನೌಕೆಯನ್ನು ಯೋಜಿಸಿದ್ದ ಸಿಯೆರಾ ನೆವಾಡಾ ಕಂಪೆನಿಯು ತಕರಾರು ಹೂಡಿತು. ಅದು 2015ರ ಜನವರಿಯಲ್ಲಿ ವಜಾ ಆಯಿತು.

ಸ್ಪರ್ಧಿಗಳಲ್ಲಿ ಸಾಮ್ಯವಿರಲಿಲ್ಲ. ಬೋಯಿಂಗ್ 1916ರಷ್ಟು ಹಳೆಯದು. ಚಂದ್ರಯಾತ್ರೆಯ ಸ್ಯಾಟರ್ನ್ ರಾಕೆಟ್ಟಿನ ಮೊದಲನೆಯ ಹಂತವನ್ನು ಕಟ್ಟಿದ ಮನೆತನ. ಸ್ಪೇಸ್‌ಎಕ್ಸ್ 2002ರಲ್ಲಿ ಹುಟ್ಟಿ, 2012ರಿಂದ ನಿಲ್ದಾಣಕ್ಕೆ ಸರಕು ಸಾಗಿಸುತ್ತಿದ್ದ ಕಿರಿಯ ಸಂಸ್ಥೆ. 2017ರೊಳಗೆ ಹಾರಬೇಕೆಂಬ ಗಡುವು ಇಬ್ಬರಿಗೂ ತಪ್ಪಿತು. 2019ರ ಏಪ್ರಿಲಿನಲ್ಲಿ ಸ್ಪೇಸ್‌ಎಕ್ಸ್ ಕಂಪೆನಿಯ ಡ್ರ್ಯಾಗನ್ ನೌಕೆಯೊಂದು ನೆಲದ ಮೇಲಿನ ಪರೀಕ್ಷೆಯಲ್ಲಿಯೇ ಸಿಡಿದುಹೋಯಿತು. ಅದೇ ಡಿಸೆಂಬರಿನಲ್ಲಿ ಬೋಯಿಂಗಿನ ಸ್ಟಾರ್‌ಲೈನರ್, ತನ್ನ ಗಡಿಯಾರವು ಹನ್ನೊಂದು ಗಂಟೆಗಳಷ್ಟು ತಪ್ಪಿದ್ದರಿಂದ, ನಿಲ್ದಾಣವನ್ನು ಮುಟ್ಟದೆ ಮರಳಿತು. ಎರಡರಲ್ಲಿಯೂ ಮನುಷ್ಯರಿರಲಿಲ್ಲವೆಂಬುದೊಂದೇ ಸಮಾಧಾನ.

2020ರ ಮೇ 30ರಂದು ಡಗ್ಲಸ್ ಹರ್ಲಿ ಮತ್ತು ರಾಬರ್ಟ್ ಬೆನ್ಕೆನ್ ಡ್ರ್ಯಾಗನ್ ನೌಕೆಯಲ್ಲಿ ಫ್ಲಾರಿಡಾದಿಂದ ಏರಿದರು. ಅಟ್ಲಾಂಟಿಸ್ಸಿನ ಕೊನೆಯ ಯಾತ್ರೆಯಲ್ಲಿದ್ದು ಧ್ವಜವನ್ನು ಇರಿಸಿಬಂದವರಲ್ಲಿ ಹರ್ಲಿಯೂ ಒಬ್ಬರು. ಈಗ ಅದನ್ನು ಮರಳಿ ತಂದವರೂ ಅವರೇ.

ಬೋಯಿಂಗಿನ ಸರದಿ 2024ರ ಜೂನ್ 5ರಂದು ಬಂದಿತು. ಬ್ಯಾರಿ ವಿಲ್ಮೋರ್ ಮತ್ತು ಸುನೀತಾ ವಿಲಿಯಮ್ಸ್ ಸುಮಾರು ಎಂಟು ದಿನಗಳಿಗೆಂದು ಹೊರಟರು. ದಾರಿಯಲ್ಲಿ ಹೀಲಿಯಂ ಅನಿಲವು ಸೋರಿತು. ನೌಕೆಯನ್ನು ತಿರುಗಿಸುವ ಸಣ್ಣ ಎಂಜಿನುಗಳಲ್ಲಿ ಕೆಲವು ಕೈಕೊಟ್ಟುವು. ಇಬ್ಬರ ಪ್ರಾಣವನ್ನು ಆ ನೌಕೆಗೆ ಮತ್ತೆ ಒಪ್ಪಿಸಲು ನಾಸಾ ಸಮ್ಮತಿಸಲಿಲ್ಲ. ಸೆಪ್ಟೆಂಬರಿನಲ್ಲಿ ಸ್ಟಾರ್‌ಲೈನರ್ ಬರಿದಾಗಿ ಇಳಿಯಿತು. ಆ ತಿಂಗಳ ಕೊನೆಯಲ್ಲಿ ನಾಲ್ವರನ್ನು ಒಯ್ಯಬೇಕಾಗಿದ್ದ ಡ್ರ್ಯಾಗನ್ ಇಬ್ಬರನ್ನು ಮಾತ್ರ ಕರೆದೊಯ್ದು, ಮಿಕ್ಕ ಎರಡು ಆಸನಗಳನ್ನು ಅವರಿಗಾಗಿ ಕಾದಿರಿಸಿತು. 286 ದಿನಗಳ ತರುವಾಯ, 2025ರ ಮಾರ್ಚ್ 18ರಂದು, ಅವರು ಪ್ರತಿಸ್ಪರ್ಧಿಯ ನೌಕೆಯಲ್ಲಿ ಕುಳಿತು ಭೂಮಿಗೆ ಮರಳಿದರು.

ದುಂದುವೆಚ್ಚವೆನ್ನಿಸಿಕೊಂಡ ಎರಡನೆಯ ಕರಾರಿನ ಬೆಲೆಯು ಆ ಎರಡು ಬರಿಯ ಆಸನಗಳಲ್ಲಿ ತಿಳಿದುಬಂದಿತು. ಆದರೆ ಅದೇ ದಿನ ಇನ್ನೊಂದು ಸತ್ಯವೂ ಹೊರಬಿದ್ದಿತು. 2025ರ ನವೆಂಬರಿನಲ್ಲಿ ನಾಸಾ ಬೋಯಿಂಗಿನ ಆರು ಯಾತ್ರೆಗಳ ಕರಾರನ್ನು ನಾಲ್ಕಕ್ಕೆ ಇಳಿಸಿ, ಮುಂದಿನ ಯಾತ್ರೆಯು ಸರಕಿನದೇ ಆಗಲೆಂದು ಗೊತ್ತುಮಾಡಿತು. ಹೀಗೆ ಒಬ್ಬ ಪರರಾಜ್ಯದವನ ಹಂಗನ್ನು ಹರಿದುಕೊಂಡ ಸರ್ಕಾರವು ಒಬ್ಬ ಸ್ವದೇಶೀ ವ್ಯಾಪಾರಿಯ ಹಂಗಿಗೆ ಒಳಗಾಯಿತು. ಸ್ಪರ್ಧೆಯನ್ನು ಕರಾರಿನಿಂದ ಆರಂಭಿಸಬಹುದು; ಅದನ್ನು ಉಳಿಸಿಕೊಳ್ಳುವುದಕ್ಕೆ ಸೋತವನೂ ಮತ್ತೆ ಎದ್ದು ನಿಲ್ಲಬೇಕು.