ಡಿಸ್ಕ್ ಇದೆ, ಗುರುತು ಸಿಗುತ್ತಿಲ್ಲ

ಕಂಪ್ಯೂಟರ್ ಆನ್ ಮಾಡಿದಾಗ ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದು ಸಾಲು ಕಪ್ಪು ಪರದೆಯ ಮೇಲೆ ಮೂಡಿದರೆ ಎದೆ ಧಸಕ್ಕೆನ್ನುತ್ತದೆ. ಮಕ್ಕಳ ಫೋಟೊ, ಮನೆಯ ಲೆಕ್ಕ, ಅರ್ಧ ಬರೆದ ಪ್ರಬಂಧ ಎಲ್ಲ ಹೋಯಿತು ಎಂದೇ ಅನಿಸುತ್ತದೆ. ಆದರೆ ಕಾಣಿಸದಿರುವುದು ಬೇರೆ, ಸತ್ತಿರುವುದು ಬೇರೆ. ಈ ವ್ಯತ್ಯಾಸ ಡೆಸ್ಕ್‌ಟಾಪಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ.

1981ರ ಐಬಿಎಂ ಪಿಸಿಗೆ ತನ್ನೊಳಗೆ ಎಷ್ಟು ಫ್ಲಾಪಿ ಡ್ರೈವ್‌ಗಳಿವೆ ಎಂಬುದನ್ನೂ ಮನುಷ್ಯರೇ ಹೇಳಬೇಕಿತ್ತು. ಅದಕ್ಕೆ ಪೆಟ್ಟಿಗೆ ಬಿಚ್ಚಿ ಮದರ್‌ಬೋರ್ಡಿನ ಪುಟ್ಟ ಸ್ವಿಚ್ಚುಗಳನ್ನು ಸರಿಸಬೇಕು. 1984ರ ಪಿಸಿ ಎಟಿ ಈ ನೆನಪನ್ನು ಬ್ಯಾಟರಿಯ ಬಲದಲ್ಲಿ ಬದುಕುವ ಸಿಮಾಸ್ ಚಿಪ್ಪಿಗೆ ವಹಿಸಿತು. ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್‌ಗಳಿಗೆ ಹೊಂದುವ ಟೈಪ್ ನಂಬರನ್ನು ಪಟ್ಟಿಯಿಂದ ಆರಿಸಿ ಅಲ್ಲಿ ಬರೆದಿಡುವುದು ಕ್ರಮವಾಯಿತು. ಬ್ಯಾಟರಿ ಮುಗಿದರೆ ಗಡಿಯಾರ ತಪ್ಪು, ಡಿಸ್ಕ್ ನಾಪತ್ತೆ! ಡಿಸ್ಕಿನೊಳಗಿನ ಒಂದಕ್ಷರವೂ ಅಳಿಸಿರುತ್ತಿರಲಿಲ್ಲ. ನಂಬರ್ ಮತ್ತೆ ತುಂಬಿದರೆ ಎಲ್ಲವೂ ವಾಪಸ್.

ಆಮೇಲೆ ಬಂದ ಐಡಿಇ ಪದ್ಧತಿಯಲ್ಲಿ ನಿಯಂತ್ರಣದ ಸರ್ಕ್ಯೂಟ್ ಡಿಸ್ಕಿನ ಮೈಮೇಲೆಯೇ ಕೂತಿತು. ನೀನು ಯಾರು ಎಂದು ಕೇಳಿದರೆ ಡಿಸ್ಕೇ ತನ್ನ ಮಾಡೆಲ್, ಗಾತ್ರ ಹೇಳತೊಡಗಿತು. ಆದರೆ ಒಂದೇ ಪಟ್ಟಿ ಕೇಬಲ್ಲಿಗೆ ಎರಡು ಡ್ರೈವ್ ಸೇರುತ್ತಿದ್ದವು. ಯಾರು ಮಾಸ್ಟರ್, ಯಾರು ಸ್ಲೇವ್ ಎಂಬುದನ್ನು ಜಂಪರ್ ಎಂಬ ಚಿಕ್ಕ ತುಣುಕು ನಿರ್ಧರಿಸುತ್ತಿತ್ತು. ಹಾರ್ಡ್ ಡಿಸ್ಕೂ ಸಿಡಿ ಡ್ರೈವೂ ಎರಡೂ ಮಾಸ್ಟರ್ ಆದರೆ ಎರಡೂ ಕಾಣದೇ ಹೋಗಬಹುದಿತ್ತು. ಎಸ್.ಪಿ. ರೋಡ್, ಲ್ಯಾಮಿಂಗ್ಟನ್ ರೋಡ್, ರಿಚಿ ಸ್ಟ್ರೀಟ್, ನೆಹರೂ ಪ್ಲೇಸ್‌ಗಳಲ್ಲಿ ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸಿದವರಿಗೆ ಆ ತುಣುಕಿನ ಕಾಟ ನೆನಪಿರುತ್ತದೆ.

ಗಾತ್ರದ ಲೆಕ್ಕವೂ ಕೈಕೊಟ್ಟಿದೆ. ಬಯಾಸ್ 1024 ಸಿಲಿಂಡರ್‌ಗಳಿಗಿಂತ ಹೆಚ್ಚು ಎಣಿಸದು. ಐಡಿಇ 16 ಹೆಡ್‌ಗಳಿಗಿಂತ ಹೆಚ್ಚು ಒಪ್ಪದು. ಇಬ್ಬರಿಗೂ ಒಪ್ಪಿಗೆಯಾಗುವ 63 ಸೆಕ್ಟರ್‌ಗಳನ್ನು ಸೇರಿಸಿ ಗುಣಿಸಿದರೆ, 512 ಬೈಟಿನ ಸೆಕ್ಟರಿಗೆ ಸುಮಾರು 528 ಎಂಬಿ. ಅದಕ್ಕಿಂತ ದೊಡ್ಡ ಡಿಸ್ಕಿನ ಉಳಿದ ಜಾಗ ಹಳೆಯ ಯಂತ್ರಕ್ಕೆ ಇಲ್ಲದಂತೆಯೇ. 28 ಬಿಟ್ಟಿನ ವಿಳಾಸ ಪದ್ಧತಿ ಮುಂದೆ 137 ಜಿಬಿಯ ಬಳಿ ಇದೇ ರೀತಿ ನಿಂತಿತು.

2003ರಲ್ಲಿ ಬಂದ ಸಾಟಾ, ಡ್ರೈವಿಗೊಂದು ಕೇಬಲ್ ಕೊಟ್ಟು ಮಾಸ್ಟರ್-ಸ್ಲೇವ್ ಜಗಳ ಮುಗಿಸಿತು. ಹಾಗೆಂದು ಡಿಸ್ಕ್ ಕಾಣೆಯಾಗುವುದು ನಿಂತಿಲ್ಲ. ಇಂದಿನ ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟಿಗೆ ಹೊಸ ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಪೋರ್ಟುಗಳು ತಾವಾಗಿ ಬಂದ್ ಆಗುತ್ತವೆ. ಹಳೆಯ ಡಿಸ್ಕ್ ಕೆಟ್ಟಿರುವುದಿಲ್ಲ, ಅದರ ದಾರಿ ಮುಚ್ಚಿರುತ್ತದೆ.

ಈ ಚರಿತ್ರೆಯೇ ರಿಪೇರಿಯ ಕ್ರಮವನ್ನೂ ಹೇಳುತ್ತದೆ. ಮೊದಲು ಬಯಾಸ್‌ನಲ್ಲಿ ಡಿಸ್ಕಿನ ಹೆಸರು ಇದೆಯೇ ನೋಡಿ. ಇಲ್ಲವಾದರೆ ಪವರ್ ತೆಗೆದು ಕೇಬಲ್ ಬಿಚ್ಚಿ ಹಾಕಿ, ಬೇರೆ ಕೇಬಲ್, ಬೇರೆ ಪೋರ್ಟ್ ಪ್ರಯತ್ನಿಸಿ. ಬಯಾಸ್‌ನಲ್ಲಿದ್ದು ವಿಂಡೋಸ್‌ನಲ್ಲಿ ಇಲ್ಲವೆಂದರೆ ತೊಡಕು ಡ್ರೈವರ್, ಡ್ರೈವ್ ಅಕ್ಷರ ಅಥವಾ ಪಾರ್ಟಿಷನ್ನಿನದ್ದಿರಬಹುದು. ಆಗ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ಬೇಡ ಎನ್ನಿ. ಡಿಸ್ಕ್ ಕಟಕಟ ಸದ್ದು ಮಾಡಿದರೆ ಮಾತ್ರ ಕೂಡಲೇ ಪವರ್ ತೆಗೆದು ಬಲ್ಲವರಿಗೆ ಕೊಡಿ. ಅದು ಗುರುತಿನ ತೊಡಕಲ್ಲ, ನಿಜವಾದ ಕಾಯಿಲೆ.