ಸ್ನಾಯು ಸಡಿಲಿಸುವ ಮಾತ್ರೆಯಿಂದ ಲೈಂಗಿಕ ತೊಂದರೆ ಬರಬಹುದೇ?

ಬೆನ್ನು ನೋವು, ಕುತ್ತಿಗೆ ಹಿಡಿತ, ಪಾರ್ಶ್ವವಾಯುವಿನ ನಂತರದ ಬಿಗಿತ ಇವುಗಳಿಗೆ ವೈದ್ಯರು ಸ್ನಾಯು ಸಡಿಲಿಸುವ ಮಾತ್ರೆ ಬರೆಯುತ್ತಾರೆ. ಪುಣೆಯ ಸದಾಶಿವ ಪೇಠದಲ್ಲಿ ನೀವು ಚೀಟಿ ಕೊಟ್ಟಾಗ ಔಷಧ ಅಂಗಡಿಯವರಾದ ನಾವು, "ನಿದ್ದೆ ಬರಬಹುದು, ಗಾಡಿ ಓಡಿಸಬೇಡಿ" ಎನ್ನುತ್ತೇವೆ. ಲೈಂಗಿಕ ತೊಂದರೆಯ ಮಾತು ಬರುವುದಿಲ್ಲ. ಹಿಂದೆ ನಾಲ್ಕು ಜನ ನಿಂತಿರುವಾಗ ನೀವೂ ಕೇಳುವುದಿಲ್ಲ.

ಬ್ಯಾಕ್ಲೋಫೆನ್
ಇದು ಬೆನ್ನುಹುರಿಯಿಂದ ಸ್ನಾಯುಗಳಿಗೆ ಹೋಗುವ ನರಸಂದೇಶವನ್ನು ತಗ್ಗಿಸುತ್ತದೆ. ನಿಮಿರುವಿಕೆ ಮತ್ತು ವೀರ್ಯಸ್ಖಲನದ ನರಸಂದೇಶಗಳೂ ಬೆನ್ನುಹುರಿಯ ಮೂಲಕವೇ ಸಾಗುತ್ತವೆ. ಹಾಗಾಗಿ ಅಪರೂಪಕ್ಕೆ ಕೆಲವು ಗಂಡಸರಲ್ಲಿ ನಿಮಿರುವಿಕೆ ಕುಗ್ಗಬಹುದು, ಸ್ಖಲನ ಆಗದೇ ಇರಬಹುದು. ಪ್ರಮಾಣ ತಗ್ಗಿಸಿದಾಗ ಸಾಮಾನ್ಯವಾಗಿ ಸರಿಹೋಗುತ್ತದೆ.

ಥಯೋಕಾಲ್ಚಿಕೋಸೈಡ್
ಇದರ ಪ್ರಶ್ನೆ ಸಂತಾನಕ್ಕೆ ಸಂಬಂಧಿಸಿದ್ದು. ದೇಹದಲ್ಲಿ ಇದು ಒಡೆದು ಉಂಟಾಗುವ ಒಂದು ವಸ್ತು ವಿಭಜನೆಯಾಗುತ್ತಿರುವ ಜೀವಕೋಶಗಳ ವರ್ಣತಂತುಗಳಿಗೆ ಹಾನಿ ಮಾಡಬಲ್ಲದು. ಗಂಡಸರ ಫಲವತ್ತತೆಯೂ ಕುಗ್ಗುವ ಸಾಧ್ಯತೆಯಿದೆ. 2013ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಇದರ ಬಳಕೆಗೆ ಮಿತಿ ಹಾಕಿತು: ಬಾಯಿಯ ಮೂಲಕ ದಿನಕ್ಕೆ 16 ಮಿ.ಗ್ರಾಂ., ಗರಿಷ್ಠ 7 ದಿನ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಬೇಡ. ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.

ಮಾತ್ರೆಯೇ ಕಾರಣವೇ?
ಯಾವಾಗಲೂ ಅಲ್ಲ. ನೋವು, ಸಕ್ಕರೆ ಕಾಯಿಲೆ, ಮದ್ಯ, ಬಿ.ಪಿ. ಅಥವಾ ಖಿನ್ನತೆಯ ಮಾತ್ರೆ, ಬೆನ್ನುಹುರಿಯ ಪೆಟ್ಟು ಇವೂ ಕಾರಣವಾಗುತ್ತವೆ. ತೊಂದರೆ ಶುರುವಾದದ್ದು ಮಾತ್ರೆಗೆ ಮೊದಲೋ, ನಂತರವೋ ಎಂದು ನೆನಪಿಸಿಕೊಂಡು ಬರೆದಿಡಿ.

ಇದನ್ನು ಮಾಡಬೇಡಿ
ನಾಚಿಕೆಯಿಂದ ಬ್ಯಾಕ್ಲೋಫೆನ್ ಅನ್ನು ನೀವಾಗಿ ನಿಲ್ಲಿಸಬೇಡಿ. ದಿಢೀರನೆ ಬಿಟ್ಟರೆ ಬಿಗಿತ ಮರುಕಳಿಸಿ, ವಿಪರೀತ ಜ್ವರ, ಭ್ರಮೆ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ನಿಮಿರುವಿಕೆಯ ಮಾತ್ರೆಯನ್ನೂ ಸ್ವಂತವಾಗಿ ಕೊಳ್ಳಬೇಡಿ. ಟಿಜಾನಿಡಿನ್ ಎಂಬ ಸ್ನಾಯು ಸಡಿಲಿಸುವ ಮಾತ್ರೆಯ ಜೊತೆ ಅದು ಬಿ.ಪಿ. ಇಳಿಸಿ ತಲೆಸುತ್ತು ತರಬಹುದು.

ಹೇಗೆ ಹೇಳುವುದು?
ಒಂದೇ ಸಾಲು ಸಾಕು: "ಈ ಮಾತ್ರೆ ಶುರುವಾದ ಮೇಲೆ ಲೈಂಗಿಕ ತೊಂದರೆ ಕಾಣಿಸಿದೆ." ಬಾಯಿಬಿಟ್ಟು ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಡಿ. ಅಡ್ಡಪರಿಣಾಮವನ್ನು ಭಾರತೀಯ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ನೀವೇ ತಿಳಿಸಬಹುದು.